ಒಂದಕ್ಕಿಂತ ಜಾಸ್ತಿ ಆದಾಗ ಇಂಗ್ಲಿಷಿನಲ್ಲಿ ಏನು ಮಾಡಬೇಕು?

ಬಾದಾಮಿಯಲ್ಲಿ ನಾಲ್ಕು ಗುಹೆ ಇವೆ. ಹೀಗಂದರೆ ನಮಗೆ ತಪ್ಪು ಅನಿಸುವುದಿಲ್ಲ, ಅಲ್ವಾ? ನಾಲ್ಕು ಅಂದ ಮೇಲೆ ‘ಗುಹೆಗಳು’ ಅನ್ನಲೇಬೇಕು ಅಂತೇನಿಲ್ಲ. ಇದೇ ರೂಢಿಯಲ್ಲಿ ನಮ್ಮ ವಿಜಯಪುರದ ಕಡೆ ಮಕ್ಕಳು ‘ಫೋರ್ ಕೇವ್’ ಅಂತ ಬರೆದು ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ದಯವಿಟ್ಟು ಬೈಯಬೇಡಿ, ಅದು ದಡ್ಡತನ ಅಲ್ಲ, ಕನ್ನಡದ ಅಭ್ಯಾಸ. ಇಂಗ್ಲಿಷಿನಲ್ಲಿ ಎಣಿಸುವಂಥ ವಸ್ತು ಒಂದಕ್ಕಿಂತ ಜಾಸ್ತಿ ಇದ್ದರೆ, ಹಿಂದೆ ನಾಲ್ಕು ಅಂತ ಹೇಳಿದ್ದರೂ, ಸಾಮಾನ್ಯವಾಗಿ ಹೆಸರಿನ ಬಾಲ ಬದಲಾಗಬೇಕು.

ಮೊದಲು ಸುಮ್ನೆ ಎಸ್ ಸೇರಿಸಿ. ಬುಕ್ ಇದ್ದದ್ದು ಬುಕ್ಸ್, ಕೇವ್ ಇದ್ದದ್ದು ಕೇವ್ಸ್. ಹೆಚ್ಚಿನ ಪದಗಳ ಕೆಲಸ ಇಲ್ಲಿಗೇ ಮುಗಿಯಿತು.

ಆಮೇಲೆ ಬಸ್ ಸ್ಟ್ಯಾಂಡಿಗೆ ಬನ್ನಿ. ‘ಬಸ್’ಗೆ ಬರೀ ಎಸ್ ಹಚ್ಚಿ ಹೇಳಿ ನೋಡಿ. ಎರಡು ಸದ್ದೂ ಅಂಟಿಕೊಂಡು, ಒಂದು ಬಸ್ಸೋ ಹತ್ತು ಬಸ್ಸೋ ಕಿವಿಗೆ ತಿಳಿಯುವುದೇ ಇಲ್ಲ. ಅದಕ್ಕೇ ನಡುವೆ ಒಂದು ಇ ಬರುತ್ತದೆ, ಬಸಿಜ಼್ ಆಗುತ್ತದೆ. ದ್ರಾಕ್ಷಿ ತುಂಬುವ ಬಾಕ್ಸ್, ಕೈಗೆ ಕಟ್ಟುವ ವಾಚ್, ಬಣ್ಣ ಹಚ್ಚುವ ಬ್ರಶ್ ಎಲ್ಲಕ್ಕೂ ಇಎಸ್. ಪದದ ಕೊನೆಗೆ ಎಸ್, ಎಕ್ಸ್, ಸಿಎಚ್, ಎಸ್‌ಎಚ್ ಇದ್ದರೆ ಇಎಸ್ ಅಂತ ಬಾಯಿಪಾಠ ಮಾಡಿಸುತ್ತಾರೆ, ಆದರೆ ನನ್ನ ಕೇಳಿದರೆ ಕಿವಿಯನ್ನೇ ನಂಬಿ, ಯಾಕಂದರೆ ಸ್ಟಮಕ್ ಪದದ ಕೊನೆಗೂ ಸಿಎಚ್ ಇದೆ, ಸದ್ದು ಮಾತ್ರ ‘ಕ್’, ಹಾಗಾಗಿ ಅದಕ್ಕೆ ಬರೀ ಎಸ್ ಸಾಕು.

ಕೊನೆಗೆ ವೈ ಇದ್ದರೆ ಅದರ ಹಿಂದಿನ ಅಕ್ಷರ ನೋಡಿ. ಬೇಬಿಯಲ್ಲಿ ಬಿ ಇದೆ, ವೈ ತೆಗೆದು ಐಇಎಸ್ ಬರೆಯಿರಿ. ಬಾಯ್, ಡೇ, ಕೀ ಪದಗಳಲ್ಲಿ ವೈ ಹಿಂದೆ ಒ, ಎ, ಇ ಸ್ವರಗಳಿವೆ, ಅಲ್ಲಿ ವೈ ಹಾಗೇ ಇರಲಿ, ಎಸ್ ಸೇರಿಸಿ. ಟೊಮ್ಯಾಟೊ, ಪೊಟ್ಯಾಟೊಗೆ ಇಎಸ್, ಫೋಟೊ, ರೇಡಿಯೊಗೆ ಎಸ್. ಇವನ್ನು ನೆನಪಿಟ್ಟುಕೊಳ್ಳಬೇಕು ಅಷ್ಟೇ.

ಇನ್ನು ಉಚ್ಚಾರ. ಗಂಟಲ ಮೇಲೆ ಬೆರಳಿಟ್ಟು ‘ವ್’ ಅನ್ನಿ, ನಡುಗುತ್ತದೆ. ‘ಕ್’ ಅನ್ನಿ, ನಡುಗುವುದಿಲ್ಲ. ಪದದ ಕೊನೆಯ ಸದ್ದಿಗೆ ಗಂಟಲು ನಡುಗಿದರೆ, ಬರೆಯುವುದು ಎಸ್ ಆದರೂ ಹೇಳುವುದು ‘ಜ಼್’, ನಮ್ಮ ಗೋಲ್ ಗುಂಬಜ಼್‌ನ ಕೊನೆಯ ಸದ್ದು ಇದೆಯಲ್ಲ, ಅದೇ. ಹಾಗಾಗಿ ಬುಕ್ಸ್‌ನಲ್ಲಿ ‘ಸ್’, ಕೇವ್ಸ್‌ನಲ್ಲಿ ‘ಜ಼್’.

ಸಂತೆಯಿಂದ ನಿಂಬೆಹಣ್ಣು ತಂದಾಗ ನಾಲ್ಕನ್ನು ಮಗುವಿನ ಮುಂದಿಟ್ಟು ಕೇಳಿ. ‘ಫೋರ್ ಲೆಮನ್’ ಅಂದು ನಿಲ್ಲಿಸಿದರೆ, ಗಂಟಲ ಮೇಲೆ ಬೆರಳಿಡಿಸಿ ಇನ್ನೊಮ್ಮೆ ಹೇಳಿಸಿ.