ಉಚಿತ ಆನ್‌ಲೈನ್ ಕೋರ್ಸ್: ಸೇರಿದ್ದನ್ನು ಮುಗಿಸುವುದು ಹೇಗೆ?

2011ರಲ್ಲಿ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ಪಾಠವನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಾಗ ಸುಮಾರು 1,60,000 ಮಂದಿ ಹೆಸರು ನೋಂದಾಯಿಸಿದ್ದರು. ಕೊನೆ ಮುಟ್ಟಿದವರು ಸುಮಾರು 23,000. ಮರುವರ್ಷವೇ ಇಂಥ ಕೋರ್ಸ್‌ಗಳನ್ನು ನೀಡುವ ಕೋರ್ಸೆರಾ, ಎಡ್‌ಎಕ್ಸ್ ಜಾಲತಾಣಗಳು ಆರಂಭವಾದವು. ಅರ್ಧಕ್ಕೆ ಬಿಡುವವರೇ ಹೆಚ್ಚು ಎಂಬ ಸ್ಥಿತಿ ಮಾತ್ರ ಬದಲಾಗಲಿಲ್ಲ. ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನೀಡಿದ ಕೋರ್ಸ್‌ಗಳ 2017–18ರ ಅಂಕಿಅಂಶದಲ್ಲಿ ಪೂರೈಸಿದವರು ಶೇ 3ರಷ್ಟು. ಶುಲ್ಕ ಕಟ್ಟಿ ಪ್ರಮಾಣಪತ್ರಕ್ಕೆಂದೇ ಕಲಿತವರಲ್ಲಿ ಶೇ 46ರಷ್ಟು. ಗುರಿ ಮತ್ತು ಗಡುವು ಇದ್ದವರು ಮುಗಿಸುವ ಸಾಧ್ಯತೆ ಹೆಚ್ಚು ಎಂದೇ ಇದನ್ನು ಓದಿಕೊಳ್ಳಬೇಕು.

ಕರ್ನಾಟಕದ ವಿದ್ಯಾರ್ಥಿಗೆ ಹತ್ತಿರದ ದಾರಿ ಎಂದರೆ ಕೇಂದ್ರ ಸರ್ಕಾರದ 'ಸ್ವಯಂ' ಜಾಲತಾಣ ಮತ್ತು ಅದರಲ್ಲಿ ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ನಡೆಸುವ ಎನ್‌ಪಿಟೆಲ್ ಕೋರ್ಸ್‌ಗಳು. ಮೊದಲು ಕೋರ್ಸಿನ ಪುಟದಲ್ಲಿ ಅವಧಿ, ಪೂರ್ವಜ್ಞಾನ ಮತ್ತು ಪರೀಕ್ಷೆಯ ದಿನಾಂಕವನ್ನು ನೋಡಿ, ಆ ದಿನ ನಿಮ್ಮ ಸೆಮಿಸ್ಟರ್ ಪರೀಕ್ಷೆಗೆ ತಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಕೋರ್ಸ್ ನಿಮ್ಮ ಪದವಿಯ ಲೆಕ್ಕಕ್ಕೆ ಸೇರಲು ಕ್ರೆಡಿಟ್ ಬೇಕಿದ್ದರೆ ಸೇರುವ ಮುನ್ನವೇ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಪಡೆಯಿರಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2021ರ ನಿಯಮವು ಒಂದು ಸೆಮಿಸ್ಟರ್‌ನಲ್ಲಿ ಶೇ 40ರವರೆಗಿನ ಕೋರ್ಸ್‌ಗಳನ್ನು ಸ್ವಯಂ ಮೂಲಕ ಕಲಿಯಲು ಅವಕಾಶ ಕೊಟ್ಟಿದೆ, ಆದರೆ ಯಾವ ಕೋರ್ಸನ್ನು ಒಪ್ಪಬೇಕೆಂದು ನಿರ್ಧರಿಸುವುದು ನಿಮ್ಮ ಸಂಸ್ಥೆಯೇ.

ಹೆಸರು ನೋಂದಣಿ ಉಚಿತ. ಪರೀಕ್ಷೆಯ ನೋಂದಣಿ ಬೇರೆ, ಅದಕ್ಕೆ ಶುಲ್ಕವುಂಟು, ಅದರ ಕೊನೆಯ ದಿನವೂ ಬೇರೆ. ಹಲವರು ಎಡವುವುದು ಇಲ್ಲಿಯೇ.

ಎನ್‌ಪಿಟೆಲ್‌ನ ಹನ್ನೆರಡು ವಾರದ ಕೋರ್ಸಿನಲ್ಲಿ ವಾರದ ಅಸೈನ್‌ಮೆಂಟ್‌ಗಳ ಪೈಕಿ ಅತ್ಯುತ್ತಮ ಎಂಟರ ಸರಾಸರಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75 ಅಂಕ. ಪ್ರಮಾಣಪತ್ರ ಸಿಗಲು ಕ್ರಮವಾಗಿ ಕನಿಷ್ಠ 10 ಮತ್ತು 30 ಬೇಕು. ಒಂದೆರಡು ವಾರ ತಪ್ಪಿತೆಂದು ಕೈಬಿಡಬೇಕಾಗಿಲ್ಲ ಎಂಬುದು ಈ ಲೆಕ್ಕದಲ್ಲಿಯೇ ಇದೆ.

ನಿಜವಾದ ತೊಡಕು ಭಾಷೆಯದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇಂಗ್ಲಿಷ್ ಉಪನ್ಯಾಸದ ವೇಗವೇ ಗೋಡೆಯಾಗುತ್ತದೆ. ಅಂಥವರು ಉಪನ್ಯಾಸದ ಲಿಖಿತ ಪ್ರತಿಯನ್ನು ಮೊದಲು ಓದಿ, ಗೊತ್ತಿಲ್ಲದ ಪದಗಳನ್ನು ಕನ್ನಡದ ಅರ್ಥದೊಂದಿಗೆ ಬರೆದುಕೊಂಡು, ಆಮೇಲೆ ವಿಡಿಯೊವನ್ನು ಮುಕ್ಕಾಲು ವೇಗದಲ್ಲಿ ನೋಡುವುದು ಒಳ್ಳೆಯದು. ನೆಟ್‌ವರ್ಕ್ ಸಿಗದ ಊರಿನವರು ಕಾಲೇಜಿನಲ್ಲಿಯೇ ವಾರದ ವಿಡಿಯೊಗಳನ್ನು ಇಳಿಸಿಕೊಳ್ಳಲಿ. ಪಾಠವನ್ನು ಉಚಿತವಾಗಿ ಕೊಟ್ಟ ಮಾತ್ರಕ್ಕೆ ಅವಕಾಶ ಸಮಾನವಾಗದು. ವಾರಕ್ಕೊಂದು ಸಂಜೆ ಲ್ಯಾಬ್ ತೆರೆದು, ಸಂದೇಹ ಕೇಳಲು ಒಬ್ಬ ಅಧ್ಯಾಪಕರನ್ನು ಕೂರಿಸುವ ಹೊಣೆಯನ್ನು ಪ್ರತಿ ಕಾಲೇಜೂ ಹೊರಬೇಕು.

ಪರೀಕ್ಷೆಗೆ ಎರಡು ವಾರ ಇರುವಾಗ ಹಳೆಯ ಅಸೈನ್‌ಮೆಂಟ್‌ಗಳನ್ನು ಉತ್ತರ ನೋಡದೆ ಮತ್ತೆ ಬಿಡಿಸಿ. ಪರೀಕ್ಷೆಯ ದಿನ ಪ್ರವೇಶಪತ್ರದ ಜೊತೆ ಮೂಲ ಗುರುತಿನ ಚೀಟಿಯನ್ನೂ ಒಯ್ಯಿರಿ.