ದಾವಣಗೆರೆಯಿಂದ ವಿಮಾನ ಹಿಡಿಯುವ ಲೆಕ್ಕ: ಹೊಸಬರಿಗೆ ಮಾರ್ಗದರ್ಶಿ

ಮುಂಬೈ, ಪುಣೆ, ಹೈದರಾಬಾದಿನಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಮೊದಲ ಮಾತು: ನಮ್ಮೂರಿನಿಂದ ಹೊರಟವರಿಗೆ ಆಕಾಶದ ದಾರಿಗಿಂತ ನೆಲದ ದಾರಿಯೇ ಹೆಚ್ಚು ಹೊತ್ತು ತಿನ್ನುತ್ತದೆ. ಲೆಕ್ಕ ಮನೆಯ ಹೊಸ್ತಿಲಿನಿಂದ ಶುರುವಾಗಲಿ.

ಯಾವ ನಿಲ್ದಾಣ?

ನಾಡಿನ ನಡುಮಧ್ಯದ ಊರು ನಮ್ಮದು, ಮೂರು ಕಡೆಗೆ ಮೂರು ನಿಲ್ದಾಣ.

ಶಿವಮೊಗ್ಗ (ಸೋಗಾನೆ): ಹೊನ್ನಾಳಿ ಮೇಲೆ ಸುಮಾರು 100 ಕಿ.ಮೀ., ಎರಡೂವರೆ ಗಂಟೆ.
ಹುಬ್ಬಳ್ಳಿ: ಸುಮಾರು 150 ಕಿ.ಮೀ., ಮೂರು ಗಂಟೆ.
ಬೆಂಗಳೂರು (ದೇವನಹಳ್ಳಿ): ಸುಮಾರು 270 ಕಿ.ಮೀ., ಐದು ಗಂಟೆ.

ಮೊದಲೆರಡು ಕಡೆ ವಿಮಾನಗಳು ಕಡಿಮೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ವೇಳಾಪಟ್ಟಿ ಬದಲಾಗುತ್ತದೆ, ಹೋದ ವರ್ಷದ ಸಮಯ ನಂಬಬೇಡಿ.

ಟಿಕೆಟ್ಟಿನ ಗಂಟೆ

ಬೆಂಗಳೂರು–ದೆಹಲಿ ನೇರ ಗೆರೆಯಲ್ಲಿ ಸುಮಾರು 1,700 ಕಿ.ಮೀ. ಗಂಟೆಗೆ 800 ಕಿ.ಮೀ. ದಾಟಿ ಹಾರುವ ವಿಮಾನಕ್ಕೆ ಎರಡು ಗಂಟೆ ಸಾಕಲ್ಲವೇ ಎನಿಸುತ್ತದೆ. ಆದರೆ ಟಿಕೆಟ್ಟಿನಲ್ಲಿ ಎರಡೂ ಮುಕ್ಕಾಲು ಗಂಟೆಯ ಆಸುಪಾಸು ಇರುತ್ತದೆ. ವಿಮಾನ ನಿಂತ ಜಾಗ ಬಿಟ್ಟಲ್ಲಿಂದ ಆ ಊರಲ್ಲಿ ಹೋಗಿ ನಿಲ್ಲುವ ತನಕ ಎಣಿಸುತ್ತಾರೆ: ರನ್‌ವೇ ಸರದಿ, ಏರುವುದು, ದಾರಿಯ ತಿರುವು, ಇಳಿಯುವ ಮೊದಲಿನ ಸುತ್ತು, ಎಲ್ಲ ಸೇರಿ.

ದುಬೈ ಸುಮಾರು 2,700 ಕಿ.ಮೀ., ನಾಲ್ಕು ಗಂಟೆ. ಬೆಳಗ್ಗೆ 10ಕ್ಕೆ ಹೊರಟರೆ ಟಿಕೆಟ್ಟಿನಲ್ಲಿ 12.30ಕ್ಕೆ ತಲುಪಿದಂತೆ ಕಾಣುತ್ತದೆ. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೇ. ಎರಡು ಊರಿನ ಸಮಯ ಕಳೆದು ಪ್ರಯಾಣದ ಅವಧಿ ತೆಗೆಯಬೇಡಿ.

ಹಿಂದಿನಿಂದ ಎಣಿಸಿ

ದೆಹಲಿ ವಿಮಾನ ಬೆಳಗ್ಗೆ 11ಕ್ಕೆ ಎಂದುಕೊಳ್ಳಿ. ಲಗೇಜ್ ಕೌಂಟರ್ ಸಾಮಾನ್ಯವಾಗಿ 10ಕ್ಕೇ ಮುಚ್ಚುತ್ತದೆ. ನೀವು 9ಕ್ಕೆ ಅಲ್ಲಿರಬೇಕು. ಐದು ಗಂಟೆ ದಾರಿ, ತಿಂಡಿಗೆ ಅರ್ಧ ಗಂಟೆ. ಅಂದರೆ ಬೆಳಗಿನ ಜಾವ 3.30ಕ್ಕೆ ಮನೆಯ ಬಾಗಿಲಿಗೆ ಬೀಗ ಬಿದ್ದಿರಬೇಕು. ಸೋಮವಾರ ತುಮಕೂರು–ನೆಲಮಂಗಲ ನಡುವೆ ಗಾಡಿಗಳು ಸಾಲುಗಟ್ಟುತ್ತವೆ, ಇನ್ನೂ ಅರ್ಧ ಗಂಟೆ ಸೇರಿಸಿ. ಬೆಂಗಳೂರು ನಗರದೊಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ಎಡಕ್ಕೆ ಹೊರಳಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಿ. ಫಾಸ್ಟ್‌ಟ್ಯಾಗ್‌ಗೆ ಹಿಂದಿನ ರಾತ್ರಿಯೇ ದುಡ್ಡು ಹಾಕಿ.

ರಾತ್ರಿ 12 ದಾಟಿದ ವಿಮಾನ

ಇದನ್ನು ಎರಡು ಸಲ ಓದಿ. ನಮ್ಮವರಿಗೆ ದಿನ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. "12ನೇ ತಾರೀಖು ರಾತ್ರಿ ಒಂದೂವರೆ" ಎಂದರೆ 12ರ ಹಗಲು ಕಳೆದ ರಾತ್ರಿ ಎಂದೇ ಮನಸ್ಸು ಹೇಳುತ್ತದೆ. ಟಿಕೆಟ್ಟಿಗೆ ಆ ಲೆಕ್ಕವಿಲ್ಲ. ಅಲ್ಲಿ 01.30, 12ನೇ ತಾರೀಖು ಎಂದರೆ 11ರ ಹಗಲು ಕಳೆದ ರಾತ್ರಿ. ಅದು ವಿದೇಶಕ್ಕಾದರೆ 11ರ ರಾತ್ರಿ 10.30ಕ್ಕೆ ನಿಲ್ದಾಣದಲ್ಲಿರಬೇಕು, 11ರ ಸಂಜೆ 5ಕ್ಕೆ ದಾವಣಗೆರೆ ಬಿಟ್ಟಿರಬೇಕು. 12ರ ಸಂಜೆ ಹೊರಟರೆ ವಿಮಾನ ಹೋಗಿ ದಿನವೇ ಕಳೆದಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖಿಗೆ ಗುರುತು ಹಾಕಬೇಡಿ, ಮನೆ ಬಿಡುವ ತಾರೀಖಿಗೆ ಸುತ್ತು ಹಾಕಿ. ಟ್ಯಾಕ್ಸಿಯವರಿಗೂ ತಾರೀಖಿನ ಜೊತೆ ವಾರ ಹೇಳಿ: "11, ಮಂಗಳವಾರ ಸಂಜೆ" ಎಂದು.

ಶಿವಮೊಗ್ಗದಿಂದ ಬೆಂಗಳೂರಿಗೆ ಹಾರಿ ಮುಂದೆ ಹೋಗುವವರು

ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದರೆ, ಮಂಜಿನಿಂದ ಮೊದಲನೆಯದು ತಡವಾದಾಗ ಎರಡನೆಯದರ ಹಣ ನಿಮ್ಮ ಕೈಬಿಟ್ಟಂತೆ. ವಿದೇಶದ ವಿಮಾನಗಳು ಟರ್ಮಿನಲ್ 2ರಿಂದ. ಟರ್ಮಿನಲ್ 1ರಲ್ಲಿ ಇಳಿದವರು ಶಟಲ್ ಬಸ್ ಹತ್ತಬೇಕು.

ಚಿತ್ರದುರ್ಗದವರಿಗೆ

ದೇವನಹಳ್ಳಿಗೆ ನಮಗಿಂತ 60 ಕಿ.ಮೀ. ಕಡಿಮೆ. ದಾರಿಯ ಐದು ಗಂಟೆಯಲ್ಲಿ ಒಂದು ಗಂಟೆ ಕಳೆಯಿರಿ, ಅಂದರೆ ಮೇಲೆ ಹೇಳಿದ್ದಕ್ಕಿಂತ ಒಂದು ಗಂಟೆ ತಡವಾಗಿ ಹೊರಟರೆ ಸಾಕು.