ಹೊಸ ಮನೆಗೆ ಹಾಸಿದ ಹುಲ್ಲು: ಮೊದಲ 3 ವಾರ ಹಸಿರು ಬಿಡಿ, ಬೇರು ನೋಡಿ

ನಮ್ಮ ಕಲಬುರಗಿಯಲ್ಲಿ ಹೊಸ ಮನೆ ಅಂದ್ರೆ ಸಾಮಾನ್ಯವಾಗಿ ಗೇಟಿನಿಂದ ಬಾಗಿಲವರೆಗೆ ಶಹಾಬಾದ್ ಫರ್ಸಿ, ಅಂದ್ರೆ ಹಾಸುಗಲ್ಲು. ಈಗ ಕೆಲವರು ಸ್ವಲ್ಪ ಜಾಗ ಬಿಟ್ಟು ಲಾನ್ ಹಾಕಿಸುತ್ತಿದ್ದಾರೆ. ಹಾಕಿಸಬೇಕು ಕೂಡ. ಮೇ ತಿಂಗಳ ಸಂಜೆ ಹುಲ್ಲಿನ ಮೇಲೆ ಕೂತವರಿಗೆ ಅದರ ಬೆಲೆ ಗೊತ್ತು. ಆದರೆ ಬಹಳ ಮಂದಿ ಮಾಡುವ ತಪ್ಪು ಒಂದೇ: ವಾಸ್ತು ಶಾಂತಿಗೆ ಇನ್ನೇನು 4 ದಿನ ಇದೆ ಅನ್ನುವಾಗ ಹುಲ್ಲು ತರಿಸುತ್ತಾರೆ.

ನಾವೂ ಹಾಗೇ ಮಾಡಿದ್ದೆವು. ಏಪ್ರಿಲ್ ತಿಂಗಳು, ಸುಡು ಬಿಸಿಲು. ಹಾಸಿದ ದಿನ ನೋಡೋಕೆ ತುಂಬಾ ಚೆನ್ನಾಗಿತ್ತು. 5ನೇ ದಿನ ಶಾಮಿಯಾನ ಬಂತು, ಗೂಟ ಹೊಡೆದರು, ಕುರ್ಚಿ ಹಾಕಿದರು, ಬಂದ ಜನರೆಲ್ಲ ಅದರ ಮೇಲೇ ಓಡಾಡಿದರು. 15 ದಿನ ಆಗುವಷ್ಟರಲ್ಲಿ ಅರ್ಧ ಹುಲ್ಲು ಒಣಗಿ, ಕೈ ಹಾಕಿದರೆ ಚಾಪೆ ಸುತ್ತಿದ ಹಾಗೆ ಎದ್ದು ಬರುತ್ತಿತ್ತು. ಕೆಳಗೆ ಒಂದೇ ಒಂದು ಹೊಸ ಬೇರು ಇರಲಿಲ್ಲ. ಅವತ್ತು ನನಗೆ ನಿಜವಾಗಿ ಬೇಜಾರಾಯಿತು. ಎರಡನೇ ಸಲ ಜೂನ್ ಕೊನೆಗೆ, ಒಂದೆರಡು ಒಳ್ಳೆ ಮಳೆ ಬಿದ್ದ ಮೇಲೆ ಹಾಸಿದೆವು. ಅದು ಹಿಡಿಯಿತು. ಈಗಲೂ ಇದೆ.

ಹಾಸು ಅಂದ್ರೆ ಏನು ಅಂತ ಮೊದಲು ತಿಳಿದುಕೊಳ್ಳಿ. ಬೆಳೆಸಿದ ಜಾಗದಲ್ಲಿ ಹುಲ್ಲನ್ನು ಒಂದು ಇಂಚಿನಷ್ಟು ಮಣ್ಣಿನ ಸಮೇತ ಕೊಯ್ದು ತರುತ್ತಾರೆ. ಬಹುಪಾಲು ಬೇರು ಅಲ್ಲೇ ಉಳಿದಿರುತ್ತದೆ. ನಿಮ್ಮ ಮನೆಗೆ ಬಂದಾಗ ಕಾಣುವ ಹಸಿರು ಅಲ್ಲಿ ಕೂಡಿಟ್ಟುಕೊಂಡ ಹಳೆಯ ಗಂಟು, ಅದನ್ನೇ ತಿಂದುಕೊಂಡು ಹುಲ್ಲು ಕೆಲವು ದಿನ ಬದುಕುತ್ತದೆ. ಅಷ್ಟರೊಳಗೆ ಹೊಸ ಬೇರು ನಿಮ್ಮ ಮಣ್ಣಿಗೆ ಇಳಿಯಬೇಕು. ಮೊದಲ 3 ವಾರ ನೀವು ಮಾಡುವುದೆಲ್ಲ ಈ ಬೇರಿಗಾಗಿ. ಹಾಗಾಗಿ ಸುತ್ತಿದ ಹಾಸು ಲಾರಿಯಿಂದ ಇಳಿದ ಮೇಲೆ ನಾಳೆ ನೋಡೋಣ ಅನ್ನಬೇಡಿ. ಸುತ್ತಿಟ್ಟರೆ ಒಳಗೆ ಬಿಸಿಯಾಗಿ ಹಳದಿ ತಿರುಗುತ್ತದೆ. ಬಂದ ದಿನವೇ ಹಾಸಿಸಿ, ಹಾಸಿದ ಭಾಗಕ್ಕೆ ಅರ್ಧ ಗಂಟೆಯೊಳಗೆ ನೀರು ಕೊಡಿ. ಪೂರ್ತಿ ಮುಗಿಯಲಿ ಅಂತ ಕಾಯುವುದು ಬೇಡ.

ಇನ್ನು ಕೆಳಗಿನ ಮಣ್ಣು. ಹೊಸ ಮನೆ ಸುತ್ತ ಮಣ್ಣೇ ಇರುವುದಿಲ್ಲ, ಇರುವುದು ಸಿಮೆಂಟ್ ಗಟ್ಟಿ, ಇಟ್ಟಿಗೆ ಚೂರು, ಕಂಕರ್, ಪುಟ್ಟಿ ತೊಳೆದ ನೀರು ಒಣಗಿದ ಬಿಳಿ ಪದರ. ಇದನ್ನು ಮೇಲಿನಿಂದ ಅರ್ಧ ಅಡಿಯಾದರೂ ತೆಗೆಸಿ. ಅದರ ಕೆಳಗೆ ನಮ್ಮ ಕರಿ ಮಣ್ಣು. ಇದರ ಗುಣ ಎಲ್ಲರಿಗೂ ಗೊತ್ತು, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಹಾಸುವ ಮುಂಚೆ ಉಸುಕು ಮತ್ತು ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ ಮೇಲಿನ 4-5 ಇಂಚನ್ನು ಸಡಿಲ ಮಾಡಿಕೊಳ್ಳಿ. ಹಸಿ ಸಗಣಿ ಗೊಬ್ಬರ ಮಾತ್ರ ಬೇಡವೇ ಬೇಡ, ಅದರ ಜೊತೆ ಗೊಣ್ಣೆ ಹುಳು ಬರುತ್ತದೆ, ಆಮೇಲೆ ಅದು ಬೇರನ್ನೇ ತಿನ್ನುತ್ತದೆ. ಬೀದರ್ ಕಡೆ ಕೆಂಪು ಮಣ್ಣಿರುವವರಿಗೆ ಈ ಉಬ್ಬುವ ತೊಂದರೆ ಕಡಿಮೆ, ಆದರೆ ಅಲ್ಲಿ ನೀರು ಬೇಗ ಇಳಿದುಹೋಗುತ್ತದೆ. ಉಸುಕು ಕಡಿಮೆ ಮಾಡಿ, ಗೊಬ್ಬರ ಜಾಸ್ತಿ ಮಾಡಿ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕರಿ ಮಣ್ಣಿನ ಮೇಲೆ ಕಟ್ಟಿದ ಮನೆಯಾದರೆ ಗೋಡೆಗೆ ಹತ್ತಿಸಿ ಹುಲ್ಲು ಹಾಸಬೇಡಿ. ದಿನಾ ನೀರು ಬಿದ್ದು ಬುನಾದಿ ಪಕ್ಕದ ಮಣ್ಣು ಉಬ್ಬುವುದು, ಬೇಸಿಗೆಯಲ್ಲಿ ಕುಗ್ಗುವುದು ಮನೆಗೆ ಒಳ್ಳೆಯದಲ್ಲ. ಗೋಡೆ ಸುತ್ತ 3 ಅಡಿ ಫರ್ಸಿ ಹಾಕಿಸಿ, ಇಳಿಜಾರು ಗೋಡೆಯಿಂದ ಹೊರಗಡೆಗೆ ಇರುವ ಹಾಗೆ ನೋಡಿಕೊಳ್ಳಿ.

ಈಗ ನೀರಿನ ವಿಷಯಕ್ಕೆ ಬರೋಣ. ಹುಲ್ಲು ಉಳಿಯುವುದೂ ಸಾಯುವುದೂ ಇದರಲ್ಲೇ. ಹಾಸಿದ ಮೊದಲ ದಿನ ಕೆಳಗಿನ ಮಣ್ಣು 4 ಇಂಚು ನೆನೆಯುವಷ್ಟು ಕೊಡಿ. ನೆನೆದಿದೆಯಾ ಅಂತ ನೋಡಲು ಗೋಣಿಚೀಲ ಹೊಲಿಯುವ ದಬ್ಬಣ ಚುಚ್ಚಿ. ಸಲೀಸಾಗಿ ಇಳಿದರೆ ಸಾಕಾಗಿದೆ, ಅಡ್ಡ ಸಿಕ್ಕರೆ ಇನ್ನೂ ಬೇಕು. ಆಮೇಲೆ 10 ದಿನ ಬೆಳಿಗ್ಗೆ, ಸಂಜೆ 4ರ ಸುಮಾರಿಗೆ ಹೀಗೆ 2 ಸಲ ಹಗುರವಾಗಿ. 10 ಅಡಿಗೆ 20 ಅಡಿ ಜಾಗಕ್ಕೆ ಒಂದು ಸಲಕ್ಕೆ ಸುಮಾರು 90 ಲೀಟರ್ ಲೆಕ್ಕ ಇಟ್ಟುಕೊಳ್ಳಿ. ಅಂದ್ರೆ 15 ಲೀಟರಿನ 6 ಬಕೆಟ್. ಇದರಿಂದ ಸುಮಾರು 5 ಮಿಲಿಮೀಟರ್ ಮಳೆ ಬಿದ್ದಷ್ಟಾಗುತ್ತದೆ. ಪೈಪಿನಲ್ಲಿ ಬಿಡುವವರು ಒಮ್ಮೆ ಬಕೆಟ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತೆ ಅಂತ ನೋಡಿಕೊಳ್ಳಿ, ಆಮೇಲೆ ಗಡಿಯಾರ ನೋಡಿದರೆ ಸಾಕು.

ಬೇಸಿಗೆಯಲ್ಲೇ ಹಾಸಲೇಬೇಕಾಯಿತು ಅಂದ್ರೆ ಮಧ್ಯಾಹ್ನವೂ ಒಂದು ಸಲ ಸುಮ್ನೆ ಎಲೆ ಒದ್ದೆಯಾಗುವಷ್ಟು ಚಿಮುಕಿಸಿ. ಬಿಸಿಲಲ್ಲಿ ನೀರು ಹಾಕಿದರೆ ಹುಲ್ಲು ಸುಡುತ್ತೆ ಅಂತ ಹೇಳುತ್ತಾರಲ್ವಾ, ಸುಡುವುದು ಪೈಪಿನಲ್ಲಿ ಕಾದ ನೀರು. ಮೇಲಿನ ಸಿಂಟೆಕ್ಸ್ ಟ್ಯಾಂಕು, ಅಂಗಳದಲ್ಲಿ ಬಿದ್ದ ಕಪ್ಪು ಪೈಪು, ಇವುಗಳ ನೀರು ನಮ್ಮಲ್ಲಿ ಏಪ್ರಿಲ್-ಮೇನಲ್ಲಿ ಕೈ ಇಡೋಕೆ ಆಗದಷ್ಟು ಬಿಸಿ ಇರುತ್ತದೆ. ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟುಕೊಂಡು, ತಣ್ಣಗೆ ಬಂದ ಮೇಲೆ ಹುಲ್ಲಿಗೆ ತಿರುಗಿಸಿ. ಇನ್ನೊಂದು, ಆರ್‌ಒ ಯಂತ್ರದಿಂದ ಹೊರಗೆ ಬರುವ ನೀರು ಹಾಳಾಗಬಾರದು ಅಂತ ಹುಲ್ಲಿಗೆ ಹಾಕುವವರಿದ್ದಾರೆ. ಅದರಲ್ಲಿ ಬೋರ್ ನೀರಿಗಿಂತ ಜಾಸ್ತಿ ಉಪ್ಪು ಸೇರಿರುತ್ತದೆ, ಎಳೆ ಬೇರು ತಡೆಯುವುದಿಲ್ಲ. ಅದನ್ನು ಫರ್ಸಿ ತೊಳೆಯೋಕೆ ಬಳಸಿ. ಅಕ್ಕಿ, ಬೇಳೆ ತೊಳೆದ ನೀರಾದರೆ ಧಾರಾಳವಾಗಿ ಹಾಕಬಹುದು.

ಜಾಸ್ತಿ ನೀರೂ ಕೊಲ್ಲುತ್ತದೆ. ನೀರು ನಿಂತ ಹೊಲದಲ್ಲಿ ತೊಗರಿ ಹಳದಿಯಾಗಿ ಒಣಗುವುದನ್ನು ನಮ್ಮ ಕಡೆಯವರು ನೋಡಿಯೇ ಇರುತ್ತಾರೆ, ಹುಲ್ಲಿಗೂ ಅದೇ ಆಗುತ್ತದೆ. ಬೇರಿಗೆ ಗಾಳಿ ಬೇಕು. ಕಾಲಿಟ್ಟರೆ ಪಚಪಚ ಅನ್ನುತ್ತಿದೆ ಅಂದ್ರೆ ಆ ಹೊತ್ತಿನ ನೀರು ಬಿಟ್ಟುಬಿಡಿ. ಬಾಯಾರಿದ ಹುಲ್ಲು ಬೇರೆ ರೀತಿ ಕಾಣುತ್ತದೆ. ಹಸಿರು ಮಂಕಾಗಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಎಲೆ ಸುತ್ತಿಕೊಳ್ಳುತ್ತದೆ. ಇದು ಮೊದಲು ಕಾಣುವುದು ಅಂಚುಗಳಲ್ಲಿ, ಅದರಲ್ಲೂ ಫರ್ಸಿ ಪಕ್ಕ ಮತ್ತು ಕಾಂಪೌಂಡ್ ಗೋಡೆ ಪಕ್ಕ, ಯಾಕಂದ್ರೆ ಕಲ್ಲು ಕಾದು ರಾತ್ರಿವರೆಗೂ ಬಿಸಿ ಬಿಡುತ್ತಾ ಇರುತ್ತದೆ. ಅಲ್ಲಿ ಕೈಯಾರೆ ಒಂದೊಂದು ತಂಬಿಗೆ ಜಾಸ್ತಿ ಹಾಕಿ. ಹಾಸಿನ ನಡುವೆ ಸಂದಿ ಕಂಡರೆ ಉಸುಕು-ಎರೆಗೊಬ್ಬರ ಬೆರೆಸಿ ತುಂಬಿ, ಇಲ್ಲದಿದ್ದರೆ ಆ ಸಂದಿಯಿಂದಲೇ ಅಂಚು ಒಣಗುತ್ತಾ ಹೋಗುತ್ತದೆ. ಮಳೆಗಾಲ ಇದೆಯಲ್ಲ ಅಂತ ಕೈಬಿಡಬೇಡಿ. ನಮ್ಮ ಕಡೆ ಜುಲೈನಲ್ಲಿ ವಾರಗಟ್ಟಲೆ ಮಳೆ ಕೈಕೊಡುವುದು ಹೊಸದೇನಲ್ಲ.

10 ದಿನ ಆದ ಮೇಲೆ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ. ಬಿಳಿ ದಾರದಂಥ ಬೇರು ಕೆಳಗಿನ ಮಣ್ಣಿಗೆ ಇಳಿದಿದ್ದರೆ ನೀರು ದಿನಕ್ಕೆ ಒಂದೇ ಸಲ ಮಾಡಿ. ಎಳೆದರೂ ಏಳದಷ್ಟು ಹಿಡಿದ ಮೇಲೆ, ಸುಮಾರು 3 ವಾರಕ್ಕೆ, 2-3 ದಿನಕ್ಕೊಮ್ಮೆ ಆಳವಾಗಿ ಕೊಡಿ. ಇದು ಬಹಳ ಮುಖ್ಯ. ದಿನಾ ಸ್ವಲ್ಪ ಸ್ವಲ್ಪ ಹಾಕುತ್ತಲೇ ಇದ್ದರೆ ಬೇರು ಮೇಲೆಯೇ ಉಳಿಯುತ್ತದೆ, ಬೇಸಿಗೆಯಲ್ಲಿ ಟ್ಯಾಂಕರ್ ಒಂದು ದಿನ ತಡವಾದರೂ ಒಣಗಿಹೋಗುತ್ತದೆ. ಈ ಹಂತದಿಂದ ಬೆಳಿಗ್ಗೆ 8ರೊಳಗೆ ನೀರು ಕೊಟ್ಟರೆ ಸಾಕು. ರಾತ್ರಿ ಎಲೆ ಒದ್ದೆ ಇದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಮೊದಲ ಕತ್ತರಿಕೆ ಬೇರು ಹಿಡಿದ ಮೇಲೆಯೇ. ಹುಲ್ಲು 3 ಇಂಚು ಆದಾಗ ಒಂದು ಇಂಚು ಮಾತ್ರ ಕತ್ತರಿಸಿ. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಯಾವತ್ತೂ ಬೇಡ. ಮೆಷಿನ್ ಬ್ಲೇಡು ಹರಿತ ಇರಲಿ, ಮಣ್ಣು ಆರಿರಲಿ. ಮೆಕ್ಸಿಕನ್ ಹುಲ್ಲು ನಿಧಾನವಾಗಿ ಬೆಳೆಯುತ್ತದೆ, ಅದಕ್ಕೆ ಅವಸರ ಬೇಡ. ಬರ್ಮುಡಾ ನಮ್ಮ ಕರಕಿಯ ಜಾತಿಯದೇ, ಬಿಸಿಲು ತಡೆಯುತ್ತದೆ, ಬೇಗ ಹಬ್ಬುತ್ತದೆ. ಇಡೀ ದಿನ ಬಿಸಿಲು ಬೀಳುವ ಅಂಗಳಕ್ಕೆ ನನ್ನ ಆಯ್ಕೆ ಅದೇ.

ಯೂರಿಯಾ ಒಂದು ತಿಂಗಳು ಮುಟ್ಟಬೇಡಿ. ಆಮೇಲೆ ಒಂದು ಚದರ ಮೀಟರಿಗೆ 10 ಗ್ರಾಂ ಸಾಕು, ಮೇಲೆ ಹೇಳಿದ ಜಾಗಕ್ಕೆ 200 ಗ್ರಾಂ ಒಳಗೇ ಮುಗಿಯಿತು. ಒಣ ಎಲೆ ಮೇಲೆ ಎರಚಿ ತಕ್ಷಣ ನೀರು ಬಿಡಿ. ಕರಿ ಮಣ್ಣಿನಲ್ಲಿ ಕೆಲವೊಮ್ಮೆ ನೀರು ಗೊಬ್ಬರ ಎಲ್ಲ ಸರಿ ಇದ್ದರೂ ಎಳೆ ಎಲೆ ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಅದು ಕಬ್ಬಿಣದ ಕೊರತೆ. ಗೊಬ್ಬರದ ಅಂಗಡಿಯಲ್ಲಿ ಅನ್ನಭೇದಿ (ಫೆರಸ್ ಸಲ್ಫೇಟ್) ಕೇಳಿ, ಲೀಟರ್ ನೀರಿಗೆ 5 ಗ್ರಾಂ ಕರಗಿಸಿ ಸಂಜೆ ಸಿಂಪಡಿಸಿ. ಫರ್ಸಿ ಮೇಲೆ ಬೀಳದ ಹಾಗೆ ಎಚ್ಚರ, ತುಕ್ಕಿನ ಕಲೆ ಹೋಗುವುದೇ ಇಲ್ಲ.

ಕಳೆಯಲ್ಲಿ ಜೇಕು ಒಂದಕ್ಕೆ ಗಮನ ಕೊಡಿ. ಮೇಲಿನಿಂದ ಕಿತ್ತರೆ ಮತ್ತೆ ಬರುತ್ತದೆ. ಮಣ್ಣು ಹಸಿ ಇರುವಾಗ ಖುರ್ಪಿ ಇಳಿಸಿ ಗಡ್ಡೆ ಸಮೇತ ತೆಗೆಯಿರಿ. ಕಳೆನಾಶಕ ಹೊಸ ಹುಲ್ಲಿಗೆ ಬೇಡ.

ವಾಸ್ತು ಶಾಂತಿ ತಾರೀಕು ಮೊದಲೇ ಗೊತ್ತಾಗಿದ್ದರೆ ಅದಕ್ಕೆ 6 ವಾರ ಮುಂಚೆ ಹಾಸಿಸಿ. ಆಗದಿದ್ದರೆ ಆ ಜಾಗ ಹಾಗೇ ಬಿಡಿ, ಕಾರ್ಯಕ್ರಮ ಮುಗಿದು ಶಾಮಿಯಾನದವರು ಗೂಟ ಕಿತ್ತುಕೊಂಡು ಹೋದ ಮರುದಿನ ಹುಲ್ಲು ತರಿಸಿ.